ಎಲೆ ಪೊಟ್ಟಣ, ಮಣ್ಣು ಪೊಟ್ಟಣ

ಆಗಸ್ಟ್ 4

ಮಗಳೇ,

‘ಮೊಸಳೆ ಮಡು’ ವಾಪಸ್ ಬಂದಿದೆ. ನಾನು ಸುತ್ತಿದ್ದ ಕಾಗದ, ಕಟ್ಟಿದ್ದ ದಾರ, ಹಾಕಿದ್ದ ಗಂಟು ಎಲ್ಲವೂ ಹಾಗೇ ಇವೆ. ನಿನ್ನ ವಿಳಾಸ ಹೊಡೆದುಹಾಕಿ ನನ್ನದನ್ನು ಬರೆದದ್ದು ಬಿಟ್ಟರೆ ನೀನು ಅದನ್ನು ಮುಟ್ಟಿದ ಗುರುತೇ ಇಲ್ಲ. ಅಂಚೆಯವನು ಕೂಡ, ‘ಏನ್ ಸಾರ್, ಜಗಳ ಆಡ್ಕೊಂಡು ತವರಿಗೆ ಬಂದ ಹಾಗಿದೆ ಪೆಟ್ಟಿಗೆ’ ಎಂದು ನಕ್ಕ. ನಾನು ನಗಲಿಲ್ಲ.

‘ಫೋನ್ ಬೇಡ ಅಪ್ಪ, ಫೋನಲ್ಲಿ ನೀವು ಭಾಷಣ ಮಾಡ್ತೀರಿ. ಕಾಗದ ಬರೀರಿ, ಬರೆಯೋ ಹೊತ್ತಿಗೆ ಕೋಪ ಇಳಿಯತ್ತೆ’ ಎಂದವಳು ನೀನು. ಬರೆಯುತ್ತಿದ್ದೇನೆ. ಇಳಿದಿಲ್ಲ.

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಮರೆತಿರಬಹುದೆಂಬ ಅನುಮಾನದಿಂದ. ಚೂರು ಜೋಡಿಸಿ ಕಟ್ಟುವ ಈ ಕಾಡಿನ ಸರಣಿಯ ಆಟಿಕೆ ಪೆಟ್ಟಿಗೆಗಳು ಈಗ ಅಂಗಡಿಗೆ ಬರುವುದೇ ಅಪರೂಪ. ಯಾವ ಹಳೆಯ ಅಂಗಡಿಯ ಅಟ್ಟದಲ್ಲಿ ಒಂದು ಉಳಿದಿದೆ ಎಂದು ಕಿವಿಗೆ ಬಿದ್ದರೂ ಬಸ್ಸು ಹತ್ತುತ್ತೇನೆ. ಜೋಡಿ ಸಿಗುವವರೆಗೆ ತೆರೆಯುವುದಿಲ್ಲ. ಒಂದು ನಿನ್ನ ಐದು ವರ್ಷದ ಮಗನಿಗೆ, ನಮ್ಮ ಮಿಡತೆಗೆ; ಒಂದು ನನಗೆ. ಭಾನುವಾರ ಬೆಳಿಗ್ಗೆ ಅವನು ಅಲ್ಲಿ, ನಾನು ಇಲ್ಲಿ, ಇಬ್ಬರೂ ಒಂದೇ ಪುಟ ನೋಡಿಕೊಂಡು ಕಟ್ಟುತ್ತೇವೆ. ಪುಟ್ಟ ಮಗುವಿನ ಮುಂದೆ ರಾಶಿ ಸುರಿದರೆ ಕಂಗಾಲಾಗುತ್ತಾನೆಂದು ಚೂರುಗಳನ್ನು ಮೊದಲೇ ಬೇರೆ ಮಾಡಿ, ಪೊಟ್ಟಣ ಕಟ್ಟಿ, ಮೇಲೆ ‘ಎಲೆ’, ‘ಮಣ್ಣು’, ‘ನೀರು’ ಎಂದು ಬರೆದು ಕಳಿಸುವುದು ನಿನ್ನ ಅಮ್ಮ ಶುರು ಮಾಡಿದ ಪದ್ಧತಿ. ಅವಳು ಹೋದ ಮೇಲೆ ಈ ಎರಡು ವರ್ಷ ನಾನೇ ಕಟ್ಟುತ್ತಿದ್ದೇನೆ. ‘ಮೊಸಳೆ ಮಡು’ವಿಗೆ ಒಂದು ವಾರ ಕೂತಿದ್ದೆ.

ಶಾಲೆಯಲ್ಲಿ ಏನೋ ಆಗಿದೆ ಎಂದು ಅಳಿಯ ಅರ್ಧ ಹೇಳಿ ಅರ್ಧ ನುಂಗಿದ. ಮಗುವಿನ ಚಿತ್ರ ಒಂದು ದೊಡ್ಡ ಗಲಾಟೆಗೆ ಕಾರಣವಾಯಿತಂತೆ. ಆ ಚಿತ್ರವನ್ನು ನನಗೆ ಕಳಿಸು. ನಾನೇ ನೋಡುತ್ತೇನೆ.

ಉತ್ತರ ಕಾಯುವ
ಅಪ್ಪ

*

ಆಗಸ್ಟ್ 13

ಅಪ್ಪ,

ಚಿತ್ರ ಇದರ ಜೊತೆ ಇದೆ. ನೋಡಿ.

ಟೀಚರ್ ‘ಕಾಡು ಬಿಡಿಸಿ’ ಎಂದಿದ್ದರು. ನಮ್ಮವನು ಮರಕ್ಕೆಲ್ಲ ಕಂದು ಎಲೆ, ನೆಲಕ್ಕೆ ಹಸಿರು ಮಣ್ಣು, ಹಸಿರು ಕಾಂಡ ಬಳಿದಿದ್ದಾನೆ. ‘ಎಲೆ ಯಾವ ಬಣ್ಣ ಮರಿ?’ ಎಂದರೆ ‘ಹಸಿರು’ ಅನ್ನುತ್ತಾನೆ. ‘ಮತ್ತೆ ಇದೇನು?’ ಎಂದರೆ ‘ಹಸಿರು’ ಅಂತ ಕಂದು ಎಲೆಯನ್ನೇ ತೋರಿಸುತ್ತಾನೆ. ಒಂದು ದಿನ ಸರಿಯಾಗಿ ಹೇಳುತ್ತಾನೆ, ಮರುದಿನ ಬೇಕೆಂದೇ ತಪ್ಪು. ಅವರು ತಿದ್ದಲು ಹೋದಾಗ ಎಲ್ಲರ ಎದುರಿಗೆ ಏನಂದ ಗೊತ್ತೇ? ‘ನೀವು ಕಾಡು ನೋಡಿಲ್ಲ ಅಂತ ನಮ್ಮಜ್ಜ ಹೇಳಿದ್ದಾರೆ.’ ಇಡೀ ತರಗತಿ ನಕ್ಕಿತಂತೆ. ಚಿಕ್ಕ ವಯಸ್ಸಿನ ಆ ಟೀಚರ್‌ಗೆ ಕಣ್ಣಲ್ಲಿ ನೀರು.

ನೀವು ಹೇಳಿದ್ದು ಹೌದು ತಾನೇ? ಜೂನ್‌ನಲ್ಲಿ ನಾನು ಫೋನಿನಲ್ಲಿ ಇದೇ ದೂರು ಹೇಳಿದಾಗ, ‘ಒಣಗಿದ ಎಲೆ ಕಂದು ಇರತ್ತೆ, ಆ ಟೀಚರಮ್ಮ ಕಾಡು ನೋಡಿಲ್ಲ ಬಿಡು’ ಎಂದಿರಿ. ಅವನು ನನ್ನ ಪಕ್ಕದಲ್ಲೇ ನಿಂತಿದ್ದ.

ಕಣ್ಣು ತೋರಿಸಿದೆ. ದೂರದ ಪಟದಲ್ಲಿದ್ದ ಅತಿ ಚಿಕ್ಕ ಹಡಗನ್ನೂ ಗುರುತಿಸಿದ. ‘ಹದ್ದಿನ ಕಣ್ಣು’ ಎಂದರು ವೈದ್ಯರು. ಅಂದಮೇಲೆ ಉಳಿದದ್ದು ಹಟ. ಮನೆಯಲ್ಲಿ ಕಟ್ಟಿಟ್ಟ ಕಾಡೂ ಹಾಗೇ ಇದೆ, ಎಲೆಯಲ್ಲಿ ಕಂದು, ನೆಲದಲ್ಲಿ ಹಸಿರು. ಕೇಳಿದರೆ ‘ಅಜ್ಜನ ಪೊಟ್ಟಣದಲ್ಲಿ ಹಾಗೇ ಇತ್ತು’ ಅನ್ನುತ್ತಾನೆ. ನಿಮಗೆ ಅದು ತಮಾಷೆ ಇರಬಹುದು. ಡಿಸೆಂಬರ್ ಮೊದಲ ವಾರ ಮುಖ್ಯೋಪಾಧ್ಯಾಯಿನಿ ಮತ್ತು ಇಬ್ಬರು ಅವನನ್ನು ಕೂರಿಸಿ ನೋಡುತ್ತಾರೆ. ಹೀಗೇ ಮಾಡಿದರೆ ಅವನು ಎಲ್ಲರ ಜೊತೆ ಒಂದನೇ ತರಗತಿಗೆ ಹೋಗುವುದಿಲ್ಲ, ಕಲಿಕೆಯಲ್ಲಿ ಹಿಂದುಳಿದವರನ್ನು ಕೂರಿಸುವ, ಮೆಟ್ಟಿಲ ಹಿಂದಿನ ಆ ಕೊಠಡಿಗೆ ಹೋಗುತ್ತಾನೆ. ಅಲ್ಲಿಗೆ ಹೋದವರು ಎರಡು ವರ್ಷಕ್ಕೆ ಮುಂಚೆ ಈಚೆ ಬಂದದ್ದನ್ನು ನಾನು ನೋಡಿಲ್ಲ.

ಅಲ್ಲಿಯವರೆಗೆ ಪೆಟ್ಟಿಗೆ ಬೇಡ. ಭಾನುವಾರದ ಆಟ ಬೇಡ. ದಯವಿಟ್ಟು ಶಾಲೆಗೆ ಬರೆಯಬೇಡಿ.

ನಿಮ್ಮ ಮಗಳು

*

ಆಗಸ್ಟ್ 21

ಮಗಳೇ,

ಚಿತ್ರವನ್ನು ಕಿಟಕಿಯ ಬಳಿ ಹಿಡಿದು ಮೂರು ದಿನ ನೋಡಿದೆ. ಮರ ಮರದ ಹಾಗಿದೆ. ನೆಲ ನೆಲದ ಹಾಗಿದೆ. ಹುಲಿಗೆ ಬಾಲ ಸ್ವಲ್ಪ ಉದ್ದವಾಯಿತು, ಅದು ಅವನ ಇಷ್ಟ. ಇದರಲ್ಲಿ ತಪ್ಪೆಲ್ಲಿದೆ ಎಂದು ನಿನ್ನ ಟೀಚರಮ್ಮ ಬೆರಳಿಟ್ಟು ತೋರಿಸಲಿ. ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು. ತಪ್ಪು ಇದ್ದರೆ ನನ್ನ ಕಣ್ಣು ತಪ್ಪಿಸಿಕೊಂಡು ಹೋಗುವುದಿಲ್ಲ.

ಮಗು ಸರಿ ಹೇಳಿದಾಗ ಅದಕ್ಕೆ ಹಟ ಎಂದು ಹೆಸರಿಡುವುದು ಹೊಸದಲ್ಲ. ನೀನು ನಾಲ್ಕನೆಯ ತರಗತಿಯಲ್ಲಿದ್ದಾಗ ನಿನ್ನ ಉತ್ತರ ಸರಿಯಿದ್ದರೂ ಅಂಕ ಕತ್ತರಿಸಿದ ಮಹಾಶಯನಿಗೆ ನಾನು ಆರು ಪುಟ ಬರೆದಿದ್ದೆ. ಅದರ ಪ್ರತಿ ಈಗಲೂ ನನ್ನ ಬಳಿ ಇದೆ. ಆತ ಅಂಕ ವಾಪಸ್ ಕೊಟ್ಟ.

ಆದರೆ ಒಂದು ಮಾತು ಒಪ್ಪುತ್ತೇನೆ. ಪೊಟ್ಟಣದ ಗೊಂದಲ ನಿಜ. ಆ ತಪ್ಪು ಮಗುವಿನದಲ್ಲ, ನನ್ನದೂ ಅಲ್ಲ, ಕಂಪನಿಯದು. ಎಲೆಯ ಚೂರಿಗೂ ಮಣ್ಣಿನ ಚೂರಿಗೂ ಒಂದೇ ಆಕಾರ. ಬಣ್ಣದಿಂದ ಬೇರೆ ಮಾಡಬೇಕು. ಎರಡು ವರ್ಷದಿಂದ ಎರಡಕ್ಕೂ ಒಂದೇ ಬಣ್ಣ ಹಾಕಿ ಕೈತೊಳೆದುಕೊಳ್ಳುತ್ತಿದ್ದಾರೆ. ಅದಕ್ಕೆ ಮುಂಚೆ ‘ಹುಲಿ ಗುಹೆ’, ‘ತೂಗುಸೇತುವೆ’ ಕಟ್ಟುವಾಗ ಈ ತಾಪತ್ರಯವೇ ಇರಲಿಲ್ಲ. ಅವರಿಗೂ ಬರೆದಿದ್ದೇನೆ. ನಿಮ್ಮ ಮುಖ್ಯೋಪಾಧ್ಯಾಯಿನಿಗೂ ಬರೆದಿದ್ದೇನೆ. ನೀನು ಬೇಡ ಎಂದಿದ್ದೆ, ಗೊತ್ತು. ಸುಮ್ಮನಿದ್ದರೆ ಅದು ಒಪ್ಪಿಕೊಂಡ ಹಾಗೆ.

ಮಿಡತೆಗೆ ಹೇಳು, ಅಜ್ಜ ಅವನ ಕಡೆ ಇದ್ದಾನೆ ಎಂದು.

ಅಪ್ಪ

*

ಸೆಪ್ಟೆಂಬರ್ 2

ಅಪ್ಪ,

ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. ಔಷಧಿ ಅಂಗಡಿಯ ಕೌಂಟರ್ ಬಿಟ್ಟು, ಮಾಲೀಕರ ಮುಖ ನೋಡಿ, ಅರ್ಧ ದಿನ ರಜೆ ಹಾಕಿ ಹೋದೆ. ಮೇಜಿನ ಮೇಲೆ ನಿಮ್ಮ ಒಂಬತ್ತು ಪುಟ. ‘ನಿಮ್ಮ ತಂದೆಯವರು ಬಹಳ ಓದಿಕೊಂಡವರು’ ಎಂದರು. ಅವರು ಅದನ್ನು ಹೇಳಿದ ರೀತಿ ನಿಮಗೆ ಕೇಳಿಸಬೇಕಿತ್ತು. ‘ಮಗುವಿಗೆ ಈ ಸ್ವಭಾವ ಎಲ್ಲಿಂದ ಬಂತು ಅಂತ ಹುಡುಕೋ ಕಷ್ಟ ತಪ್ಪಿತು’ ಎಂದೂ ಸೇರಿಸಿದರು.

ನಾಲ್ಕನೆಯ ತರಗತಿಯ ವಿಷಯ ತೆಗೆದಿರಿ. ಅಂಕ ವಾಪಸ್ ಬಂತು ನಿಜ. ಆಮೇಲೆ ಆ ವರ್ಷ ಪೂರ್ತಿ ಆ ಮೇಷ್ಟ್ರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಕೈ ಎತ್ತಿದರೆ ಗೋಡೆ ನೋಡುತ್ತಿದ್ದರು. ಮಕ್ಕಳು ನನ್ನನ್ನು ‘ಆರು ಪುಟ’ ಎಂದು ಕರೆಯುತ್ತಿದ್ದರು. ನಿಮ್ಮ ಹತ್ತಿರ ಇರುವ ಪ್ರತಿಯಲ್ಲಿ ಅದೆಲ್ಲ ಇರುವುದಿಲ್ಲ.

ನೀವು ಹಿಡಿದ ಮೊಲಕ್ಕೆ ಮೂರೇ ಕಾಲು. ಹಿಂದೆ ನಾನು ಕಾಲು ಎಣಿಸದೆ ಸುಮ್ಮನಿದ್ದೆ. ಈಗ ನನ್ನ ಮಗನಿಗೂ ಮೂರು ಎಂದು ಹೇಳಿಕೊಡುತ್ತಿದ್ದೀರಿ.

ಡಿಸೆಂಬರ್ ಐದಕ್ಕೆ ಅವನನ್ನು ಕೂರಿಸುತ್ತಾರೆ. ಅದು ಮುಗಿಯುವವರೆಗೆ ನಿಮ್ಮ ಕಾಗದ ಬಂದರೆ ತೆರೆಯುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ. ಓದಿದರೆ ಆ ದಿನ ಅವನ ಮೇಲೆ ರೇಗುತ್ತೇನೆ, ಅದಕ್ಕೆ. ಪ್ರತಿ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಬಣ್ಣದ ಕಡ್ಡಿ ಹರಡಿ ಅವನಿಗೆ ಹೇಳಿಕೊಡುತ್ತಿದ್ದೇನೆ. ಮೊನ್ನೆ ಹೊಡೆದೆ.

ಮಗಳು

*

ಸೆಪ್ಟೆಂಬರ್ 24

ಮಾನ್ಯರೇ,

ನಮ್ಮ ಕಾಡಿನ ಸರಣಿಯ ಬಗ್ಗೆ ತಾವು ಬರೆದ ದೀರ್ಘ ಪತ್ರ ನಮ್ಮ ದೂರು ವಿಭಾಗಕ್ಕೆ ತಲುಪಿದೆ. ತಮ್ಮಂಥ ಹಳೆಯ ಸಂಗ್ರಹಕಾರರಿಗೆ ತೊಂದರೆಯಾದದ್ದಕ್ಕೆ ವಿಷಾದಿಸುತ್ತೇವೆ. ‘ಮೊಸಳೆ ಮಡು’ವಿನ ಎಲೆ ಮತ್ತು ಮಣ್ಣಿನ ಚೂರುಗಳ ಹೊಸ ಚೀಲವನ್ನು ಪರಿಶೀಲಿಸಿ ಕಳಿಸುತ್ತಿದ್ದೇವೆ. ಇನ್ನು ಗೊಂದಲ ಇರಲಾರದು ಎಂದು ನಂಬಿದ್ದೇವೆ.

ತಮ್ಮ ವಿಶ್ವಾಸಿ,
ದೂರು ವಿಭಾಗದ ಪರವಾಗಿ

*

ಅಕ್ಟೋಬರ್ 6

ದೂರು ವಿಭಾಗದವರಿಗೆ,

ಹೊಸ ಚೀಲ ಬಂತು. ಹಳೆಯ ಗಾದೆಯೂ ನೆನಪಿಗೆ ಬಂತು, ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಇದರಲ್ಲೂ ಎಲೆಗೂ ಮಣ್ಣಿಗೂ ವ್ಯತ್ಯಾಸವಿಲ್ಲ. ‘ಪರಿಶೀಲಿಸಿ’ ಎಂದು ಬರೆದವರು ಯಾರು? ಕಣ್ಣು ಮುಚ್ಚಿ ಪರಿಶೀಲಿಸಿದರೇ?

ಬಾಯಿಮಾತು ಬೇಡವೆಂದು, ನಾನು ಬೇರೆ ಮಾಡಿ ಕಟ್ಟಿದ ಎರಡು ಪೊಟ್ಟಣಗಳನ್ನೇ ಕಳಿಸುತ್ತಿದ್ದೇನೆ. ಮೇಲೆ ‘ಎಲೆ’, ‘ಮಣ್ಣು’ ಎಂದು ಬರೆದಿದೆ. ಒಂದು ಮಧ್ಯಾಹ್ನ ಪೂರ್ತಿ ಕೂತು, ಕನ್ನಡಕ ಒರೆಸಿ ಒರೆಸಿ ಬೇರೆ ಮಾಡಿದ್ದು. ನನ್ನ ಮೊಮ್ಮಗ ಬಳಿದ ಚಿತ್ರದ ನಕಲನ್ನೂ ಇಟ್ಟಿದ್ದೇನೆ. ನಿಮ್ಮ ಚೂರುಗಳಿಂದ ಬಣ್ಣ ಕಲಿತ ಆ ಮಗುವನ್ನು ಶಾಲೆಯವರು ಸುಳ್ಳುಗಾರ ಎನ್ನುತ್ತಿದ್ದಾರೆ. ಡಿಸೆಂಬರ್ ಐದರಂದು ಅವನ ಹಣೆಬರಹ ಬರೆಯುತ್ತಾರೆ. ಅವನ ಅಮ್ಮ ನನ್ನ ಕಾಗದ ತೆರೆಯುವುದನ್ನೇ ಬಿಟ್ಟಿದ್ದಾಳೆ. ನಿಮ್ಮ ತಪ್ಪನ್ನು ಒಪ್ಪಿ ಎರಡು ಸಾಲು ಬರೆದುಕೊಟ್ಟರೆ ಅದನ್ನಾದರೂ ಶಾಲೆಗೆ ಕಳಿಸಬಹುದು. ಇದು ಆಟಿಕೆಯ ಜಗಳ ಎಂದು ನಗಬೇಡಿ.

ಹುಲಿ ಗುಹೆಯ ಕಾಲದಿಂದ ನಿಮ್ಮ ಗಿರಾಕಿ

*

ಅಕ್ಟೋಬರ್ 25

ಹಿರಿಯರೇ,

ಇದು ಕಂಪನಿಯ ಕಾಗದ ಅಲ್ಲ. ನಿಮ್ಮ ಮೊದಲ ಪತ್ರಕ್ಕೆ ಸಹಿ ಇಲ್ಲದೆ ಉತ್ತರ ಬರೆದವಳು ನಾನೇ. ಈ ಸಲ ಮನೆಯಿಂದ ಬರೆಯುತ್ತಿದ್ದೇನೆ. ಕಚೇರಿಯಿಂದ ಬರೆಯುವಂಥ ವಿಷಯವಲ್ಲ.

ನಿಮ್ಮ ಎರಡು ಪೊಟ್ಟಣಗಳನ್ನು ಬಿಚ್ಚಿ ಮೇಜಿನ ಮೇಲೆ ಸುರಿದೆ. ‘ಎಲೆ’ ಎಂದು ಬರೆದದ್ದರಲ್ಲಿ ಹಸಿರೂ ಇದೆ, ಕಂದೂ ಇದೆ. ‘ಮಣ್ಣು’ ಎಂದು ಬರೆದದ್ದರಲ್ಲೂ ಎರಡೂ ಇವೆ. ಆದರೆ ಆ ಹಸಿರಿಗೂ ಕಂದಿಗೂ ನಮಗೆ ಸುಣ್ಣಕ್ಕೂ ಇದ್ದಿಲಿಗೂ ಇರುವಷ್ಟು ವ್ಯತ್ಯಾಸ ಕಾಣುತ್ತದೆ. ಪಕ್ಕದ ಮೇಜಿನವರನ್ನು ಕರೆದೆ, ಕಾವಲುಗಾರನನ್ನು ಕರೆದೆ. ಎಲ್ಲರಿಗೂ ಕಂಡಿತು.

ನನ್ನ ತಮ್ಮನೂ ಚಿಕ್ಕವನಿದ್ದಾಗ ಹೀಗೇ ಮಾಡುತ್ತಿದ್ದ. ಹಣ್ಣಾಗಿದೆ ಎಂದು ಕಾಯಿ ಕಿತ್ತು ತರುತ್ತಿದ್ದ, ನಾವು ನಗುತ್ತಿದ್ದೆವು. ಅವನಿಗೆ ಕೆಲವು ಬಣ್ಣ ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂದು ಗೊತ್ತಾದದ್ದು ದೊಡ್ಡವನಾಗಿ ಒಂದು ಕೆಲಸಕ್ಕೆ ಹೋದಾಗ. ಅಕ್ಷರದ ಪಟದಲ್ಲಿ ಅದು ತಿಳಿಯುವುದಿಲ್ಲ. ಚುಕ್ಕೆಗಳ ಪುಸ್ತಕ ಎಂದು ಬೇರೆ ಇರುತ್ತದೆ. ಇದು ಹೆಚ್ಚಾಗಿ ಅಮ್ಮನ ಕಡೆಯಿಂದ ಬರುತ್ತದೆ, ಅಮ್ಮನಿಗೆ ಏನೂ ಆಗಿರುವುದಿಲ್ಲ, ಅವಳ ಅಪ್ಪನಿಗೆ ಇರಬಹುದು ಎಂದರು ವೈದ್ಯರು. ನಮ್ಮ ತಾತನಿಗೂ ಇತ್ತಂತೆ.

ದಯವಿಟ್ಟು ಕೋಪ ಮಾಡಿಕೊಳ್ಳಬೇಡಿ. ನೀವೂ ತೋರಿಸಿಕೊಳ್ಳಿ, ಮಗುವಿಗೂ ತೋರಿಸಿ. ಡಿಸೆಂಬರ್ ಐದಕ್ಕೆ ಮುಂಚೆ.

ನಿಮ್ಮ ಮಗಳ ವಯಸ್ಸಿನವಳು

*

ಅಕ್ಟೋಬರ್ 30

ಅಮ್ಮಾ,

ಮೂವತ್ತೆಂಟು ವರ್ಷ ನನ್ನ ಕಣ್ಣನ್ನು ನಂಬಿ ಪುಸ್ತಕಗಳು ಅಚ್ಚಾಗಿವೆ. ತಮ್ಮ ಸರಕು ಕೆಟ್ಟಿದೆ ಎಂದು ಒಪ್ಪಲಾರದೆ ಗಿರಾಕಿಯ ಕಣ್ಣು ಕೆಟ್ಟಿದೆ ಎನ್ನುವ ವ್ಯಾಪಾರವನ್ನು ನಾನು ಇದೇ ಮೊದಲು ನೋಡಿದ್ದು. ನನ್ನ ಪೊಟ್ಟಣಗಳನ್ನು ವಾಪಸ್ ಕಳಿಸಿ.

ಇಂತಿ

*

ನವೆಂಬರ್ 17

ಮಗಳೇ,

ಲಕೋಟೆಯ ಮೇಲೆ ‘ಒಳಗೆ ಜಗಳ ಇಲ್ಲ’ ಎಂದು ದಪ್ಪಗೆ ಬರೆದಿದ್ದೇನೆ. ಅದನ್ನು ನೋಡಿಯಾದರೂ ತೆರೆಯುತ್ತೀಯ ಎಂದು ಆಸೆ.

ಆಟಿಕೆ ಕಂಪನಿಯ ಹೆಣ್ಣುಮಗಳೊಬ್ಬಳು ನನಗೆ ಒಂದು ಕಾಗದ ಬರೆದಳು. ಅವಳಿಗೆ ಚೆನ್ನಾಗಿ ಬೈದು ಉತ್ತರ ಹಾಕಿದೆ. ಆಮೇಲೆ ಅನ್ನ ಸೇರಲಿಲ್ಲ. ಕೆಳಗಿನ ಮನೆಯ ಬಡಗಿಯನ್ನು ಕರೆದು, ನನ್ನ ಪಾಲಿನ ‘ಮೊಸಳೆ ಮಡು’ವನ್ನು ಮುಂದಿಟ್ಟು, ‘ಇದರಲ್ಲಿ ಎಲೆ ಯಾವುದು, ಮಣ್ಣು ಯಾವುದು ಆರಿಸು ನೋಡೋಣ’ ಎಂದೆ. ಅವನು ಮಾತಾಡಿಕೊಂಡೇ ಆರಿಸಿದ. ಕೈಯನ್ನು ನೋಡಲೂ ಇಲ್ಲ. ‘ಯಾಕ್ ಯಜಮಾನ್ರೇ, ಪರೀಕ್ಷೆ ಗಿರೀಕ್ಷೆ ಮಾಡ್ತಿದೀರಾ ನನ್ನ?’ ಎಂದ. ಅವನು ಬೇರೆ ಮಾಡಿದ ಎರಡು ರಾಶಿಗಳ ಮುಂದೆ ತುಂಬ ಹೊತ್ತು ಕೂತೆ. ನನಗೆ ಎರಡೂ ಒಂದೇ ರಾಶಿ.

ಕಣ್ಣಿನ ವೈದ್ಯನ ಬಳಿ ಹೋದೆ. ಚುಕ್ಕೆ ಚುಕ್ಕೆಯ ಪುಟಗಳಿರುವ ಪುಸ್ತಕ ತೆರೆದು, ‘ಒಳಗೆ ಯಾವ ಅಂಕಿ ಇದೆ?’ ಎಂದ. ನಾನು ಚುಕ್ಕೆಗಳಿವೆ ಎಂದೆ. ಪುಟ ತಿರುಗಿಸಿದ. ಚುಕ್ಕೆಗಳಿವೆ ಎಂದೆ. ಬಾಗಿಲ ಬಳಿ ತಾಯಿಯ ಸೆರಗು ಹಿಡಿದು ನಿಂತಿದ್ದ ಯಾವುದೋ ಹುಡುಗಿ ಅಲ್ಲಿಂದಲೇ ‘ನಲವತ್ತೈದು’ ಎಂದಳು. ‘ಐದು’ ಎಂದಳು. ಆ ಕುರ್ಚಿಯಿಂದ ಏಳುವುದು ಎಷ್ಟು ಕಷ್ಟವಾಯಿತು ಎಂದು ಬರೆಯಲು ಹೋಗುವುದಿಲ್ಲ.

ಹುಟ್ಟಿದಾಗಿನಿಂದ ಇದೆಯಂತೆ. ನನ್ನಿಂದ ನಿನ್ನ ಮೂಲಕ ಮಿಡತೆಗೆ ಹೋಗಿರಬಹುದಂತೆ. ನಿನಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ. ಅವನದು ಹಟ ಅಲ್ಲ. ಸುಳ್ಳಂತೂ ಅಲ್ಲವೇ ಅಲ್ಲ. ಅವನು ಕಂಡದ್ದನ್ನು ಬಳಿದಿದ್ದಾನೆ. ಐದನೆಯ ತಾರೀಕಿಗೆ ಮುಂಚೆ ಅವನಿಗೆ ಆ ಚುಕ್ಕೆ ಪುಸ್ತಕ ತೋರಿಸು. ವೈದ್ಯರ ಚೀಟಿ ತೆಗೆದುಕೊಂಡು ಶಾಲೆಗೆ ನೀನೇ ಹೋಗು. ನಾನು ಬರೆಯುವುದಿಲ್ಲ.

ಬಣ್ಣದ ಕಡ್ಡಿ ಹಿಡಿದು ಅವನನ್ನು ಹೊಡೆಯಬೇಡ ಮಗಳೇ.

ಅಪ್ಪ

*

ನವೆಂಬರ್ 28

(ಕಾರ್ಡು)

ಇದು ಕಾರ್ಡು. ತೆರೆಯುವ ಕೆಲಸವಿಲ್ಲ. ಅಂಚೆಯವರು ಓದಿದರೂ ಚಿಂತೆಯಿಲ್ಲ. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಳಿಯ ಪಂಪ್‌ಹೌಸಿನ ಸದ್ದಿನಲ್ಲಿ ‘ಆಮೇಲೆ ಮಾಡ್ತೀನಿ ಮಾವ’ ಎಂದು ಇಟ್ಟ. ಮಗುವಿಗೆ ಹಸಿರೂ ಕಂದೂ ಬೇರೆಯಾಗಿ ಕಾಣುವುದಿಲ್ಲ. ನನಗೂ ಕಾಣುವುದಿಲ್ಲ. ವೈದ್ಯರು ಹೇಳಿದ್ದಾರೆ. ಅವನನ್ನು ಕೂರಿಸುವ ಮುನ್ನ ಇದನ್ನು ಶಾಲೆಗೆ ತೋರಿಸು. ಅಪ್ಪ.

*

ಡಿಸೆಂಬರ್ 9

ಅಪ್ಪ,

ನಿಮ್ಮ ಲಕೋಟೆ ತೆರೆದಿರಲಿಲ್ಲ. ‘ಜಗಳ ಇಲ್ಲ’ ಎಂದು ನೀವು ಬರೆದರೆ ಜಗಳ ಇದೆ ಎಂದೇ ಅಲ್ಲವೇ ಇಷ್ಟು ವರ್ಷ ಅರ್ಥ. ಕಾರ್ಡು ಮೇಲಿನ ಮನೆಯವರ ಅಂಚೆ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಅವರು ಐದನೆಯ ತಾರೀಕು ಸಂಜೆ ತಂದುಕೊಟ್ಟರು. ಆ ಹೊತ್ತಿಗೆ ಎಲ್ಲ ಮುಗಿದು ನಾವು ಮನೆಗೆ ಬಂದಿದ್ದೆವು.

ಅವನು ಗೆದ್ದಿದ್ದ ಅಪ್ಪ. ಮೂವರು ಎದುರಿಗೆ ಕೂತಿದ್ದರು. ಕಾಡು ಬಿಡಿಸು ಎಂದರು. ಬಿಡಿಸಿದ. ಎಲೆಗೆಲ್ಲ ಹಸಿರು, ಕಾಂಡಕ್ಕೆಲ್ಲ ಕಂದು, ಒಂದೂ ತಪ್ಪಲಿಲ್ಲ. ಟೀಚರ್ ನನ್ನ ಕೈ ಹಿಡಿದುಕೊಂಡರು. ‘ನೋಡಿದ್ರಾ, ಮನಸ್ಸು ಮಾಡಿದ್ರೆ ಬರತ್ತೆ’ ಎಂದರು ಮುಖ್ಯೋಪಾಧ್ಯಾಯಿನಿ. ನಾನೂ ಹಾಗೇ ಅಂದುಕೊಂಡು ಬಂದೆ. ನನ್ನ ಏಟಿನಿಂದ ಬಂತು ಎಂದು ಒಳಗೊಳಗೇ ಹೆಮ್ಮೆಯನ್ನೂ ಪಟ್ಟೆ.

ಆಮೇಲೆ ಕಾರ್ಡು ಓದಿದೆ. ಲಕೋಟೆ ಹುಡುಕಿ ತೆರೆದೆ. ಅವನ ಚೀಲದಿಂದ ಬಣ್ಣದ ಕಡ್ಡಿಗಳನ್ನು ತೆಗೆದೆ. ಹಸಿರು ಕಡ್ಡಿಯ ತುದಿಯಲ್ಲಿ ಒಂದು ಹಲ್ಲಿನ ಗುರುತು. ಕಂದು ಕಡ್ಡಿಯಲ್ಲಿ ಎರಡು. ಕೆಂಪಿನಲ್ಲಿ ಮೂರು. ಕೇಳಿದಾಗ ಹೇಳಿದ, ತರಗತಿಯಲ್ಲಿ ಎರಡು ಜಡೆಯ ಒಬ್ಬಳಿದ್ದಾಳೆ, ಅವನ ಪಕ್ಕ ಕೂರುತ್ತಾಳೆ. ಅವಳು ಬಣ್ಣದ ಹೆಸರು ಹೇಳಿದ್ದಾಳೆ, ಇವನು ಕಚ್ಚಿ ಗುರುತು ಮಾಡಿಕೊಂಡಿದ್ದಾನೆ. ಮೂವರ ಎದುರಿಗೆ ಮೇಜಿನ ಕೆಳಗೆ ಬೆರಳಲ್ಲಿ ತಡವಿ ತಡವಿ ಬಳಿದಿದ್ದಾನೆ. ಮನಸ್ಸು ಮಾಡಿದ್ದು ನಿಜ.

ಮರುದಿನವೇ ಚುಕ್ಕೆ ಪುಸ್ತಕ ತೋರಿಸಿದೆ. ನಿಮ್ಮ ಹಾಗೇ. ಚೀಟಿ ಶಾಲೆಗೆ ಕೊಟ್ಟು ಬಂದೆ. ಟೀಚರ್ ಅದನ್ನು ಎರಡು ಸಲ ಓದಿದರು. ಆಮೇಲೆ ಅವನ ಮೊದಲಿನ ಚಿತ್ರ ಇದ್ದರೆ ಕೊಡಿ ಎಂದರು.

ಇನ್ನೊಂದು ಮಾತು. ಬರೆಯಬಾರದು ಎಂದುಕೊಂಡಿದ್ದೆ. ಎರಡು ವರ್ಷದಿಂದ ಕಂಪನಿಯ ಕೆಲಸ ಕೆಟ್ಟಿದೆ ಎಂದು ಬರೆದಿದ್ದಿರಿ. ಕೆಟ್ಟಿದ್ದು ಕಂಪನಿಯಲ್ಲ. ಪೊಟ್ಟಣ ಕಟ್ಟುವವಳು ಹೋದಳು. ನಿಮ್ಮ ಅಂಗಿ ಯಾವುದು, ಕಾಲುಚೀಲ ಯಾವುದು ಎಂದು ಬೆಳಿಗ್ಗೆ ಹಾಸಿಗೆಯ ಮೇಲೆ ಜೋಡಿಸಿಡುತ್ತಿದ್ದಳಲ್ಲ. ತರಕಾರಿಗೆ ನಿಮ್ಮನ್ನು ಒಬ್ಬರನ್ನೇ ಯಾವತ್ತೂ ಕಳಿಸಲಿಲ್ಲವಲ್ಲ. ಒಮ್ಮೆ ನಾನು ಯಾಕೆಂದು ಕೇಳಿದಾಗ, ‘ನಿಮ್ಮಪ್ಪನಿಗೆ ಹೇಳೋದಕ್ಕಿಂತ ನಾನೇ ಮಾಡೋದು ಸುಲಭ’ ಎಂದಿದ್ದಳು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇತ್ತು. ಹೆದರಿಕೆಯೂ ಇತ್ತು ಎಂದು ಈಗ ಅನ್ನಿಸುತ್ತದೆ.

ಹಾಗನ್ನಿಸಲು ಕಾರಣವಿದೆ. ಮಿಡತೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ. ‘ನಿಂಗೆ ಬಣ್ಣ ಕಾಣಲ್ಲ ಅಂತ ಗೊತ್ತಿತ್ತಲ್ಲ ಮರಿ, ನಂಗ್ಯಾಕೆ ಹೇಳ್ಲಿಲ್ಲ?’ ಅಂಗಿಯ ಗುಂಡಿ ತಿರುಗಿಸುತ್ತಾ ಕೂತ. ಆಮೇಲೆ ಅಂದ, ‘ನಂದು ತಪ್ಪು ಅಂದ್ರೆ ಅಜ್ಜಂದೂ ತಪ್ಪು ಅಂತ ಆಗತ್ತೆ. ಅಜ್ಜಂಗೆ ಬೇಜಾರಾಗತ್ತೆ.’

ಏಟು ತಿಂದಾಗಲೂ ಬಾಯಿ ಬಿಡಲಿಲ್ಲ ಅಪ್ಪ.

ಪೆಟ್ಟಿಗೆ ಕಳಿಸಬೇಕೋ ಬೇಡವೋ ಎಂದು ನನ್ನನ್ನು ಕೇಳಬೇಡಿ. ಅವನಿಗೆ ಏನು ಹೇಳುತ್ತೀರಿ ಎಂದು ಮೊದಲು ಯೋಚಿಸಿ.

ಮಗಳು

*

ಡಿಸೆಂಬರ್ 20

ಮಿಡತೆಗೆ,

ಇದನ್ನು ಅಮ್ಮ ಓದಿ ಹೇಳುತ್ತಾಳೆ. ಅವಳು ಮಧ್ಯದಲ್ಲಿ ನಿಲ್ಲಿಸಿದರೆ ‘ಮುಂದೆ ಓದು’ ಎಂದು ಗದರಿಸು.

ಅಜ್ಜನಿಗೆ ಬೇಜಾರಾಗಿಲ್ಲ. ಸ್ವಲ್ಪ ಆಯಿತು, ಆದರೆ ನಿನ್ನ ಮೇಲಲ್ಲ. ಇಷ್ಟು ದಿನ ನಾನು ಕಳಿಸಿದ ಪೊಟ್ಟಣಗಳೆಲ್ಲ ತಪ್ಪು. ಎಲೆ ಎಂದು ಬರೆದದ್ದರಲ್ಲಿ ಮಣ್ಣಿತ್ತು. ಮಣ್ಣು ಎಂದು ಬರೆದದ್ದರಲ್ಲಿ ಎಲೆ ಇತ್ತು. ನಿನ್ನ ಟೀಚರ್ ಹೇಳಿದ್ದೇ ಸರಿ. ಅವರು ಕಾಡು ನೋಡಿಲ್ಲ ಎಂದು ನಾನು ಹೇಳಿದ್ದೂ ತಪ್ಪು, ಅವರು ನೋಡಿದ್ದಾರೋ ಇಲ್ಲವೋ ನಾನು ಕೇಳಿಯೇ ಇರಲಿಲ್ಲ. ನೀನು ಕೇಳಿ ನನಗೆ ತಿಳಿಸು. ಆಟಿಕೆ ಕಂಪನಿಯ ಒಬ್ಬ ಅಕ್ಕನಿಗೂ ಹೀಗೇ ಒಂದು ಕಾಗದ ಬರೆದೆ, ಇವತ್ತೇ ಅಂಚೆಗೆ ಹಾಕಿದೆ.

ನಾನು ತಪ್ಪು ಮಾಡಿದಾಗ ನೀನು ಬಾಯಿ ಬಿಟ್ಟು ಹೇಳು. ‘ಅಜ್ಜ, ತಪ್ಪು’ ಎನ್ನು. ನನ್ನ ಮುಖ ಕೆಂಪಾಗುತ್ತದಂತೆ ಆಗ, ನಿನ್ನ ಅಮ್ಮ ಹೇಳುತ್ತಾಳೆ. ಹೆದರಬೇಡ. ನಿನಗಂತೂ ಅದು ಕಾಣುವುದಿಲ್ಲ, ನನಗೂ ಕನ್ನಡಿಯಲ್ಲಿ ಕಂಡಿಲ್ಲ.

ಈಗ ಒಂದು ದೊಡ್ಡ ಪೆಟ್ಟಿಗೆ ಕಳಿಸುತ್ತಿದ್ದೇನೆ. ಜೋಡಿಯ ಎರಡು ಪೆಟ್ಟಿಗೆಯನ್ನೂ ಅದಕ್ಕೇ ಸುರಿದಿದ್ದೇನೆ, ನಿನ್ನದೂ ನನ್ನದೂ. ಪೊಟ್ಟಣ ಇಲ್ಲ. ಎಲೆ, ಮಣ್ಣು, ಮೊಸಳೆ ಎಲ್ಲ ಒಂದೇ ರಾಶಿ. ಅಮ್ಮನನ್ನೂ ಆ ಎರಡು ಜಡೆಯವಳನ್ನೂ ಪಕ್ಕದಲ್ಲಿ ಕೂರಿಸಿಕೊ. ಅವರು ಹೆಸರು ಹೇಳಲಿ. ನೀನು ಕಡ್ಡಿಗೆ ಮಾಡಿದ ಹಾಗೇ ಮಾಡು, ಎಲೆಗೆ ಒಂದು, ಮಣ್ಣಿಗೆ ಎರಡು. ಹೊಸ ಚೂರು ಹಾಳಾಗುತ್ತದೆ ಎಂದು ಯಾರಾದರೂ ಅಂದರೆ ಅಜ್ಜ ಹೇಳಿದ್ದಾರೆ ಎನ್ನು. ನುಂಗಬೇಡ, ನೀನು ಅದನ್ನು ನುಂಗಿದರೆ ನಿನ್ನ ಅಮ್ಮ ನನ್ನನ್ನು ನುಂಗುತ್ತಾಳೆ.

ಆಮೇಲೆ ಅರ್ಧ ನೀನು ಇಟ್ಟುಕೊಂಡು ಅರ್ಧ ನನಗೆ ವಾಪಸ್ ಕಳಿಸು.

ಗಟ್ಟಿಯಾಗಿ ಕಚ್ಚು. ನನ್ನ ಬೆರಳಿಗೆ ವಯಸ್ಸಾಗಿದೆ, ಅದಕ್ಕೂ ತಿಳಿಯಬೇಕು.

ನಿನ್ನ
ಅಜ್ಜ